ರಾಗಿಯ ತವರುಮನೆ: ಹಸಿವು ನೀಗಿದ ಆಫ್ರಿಕಾದವರಿಗೆ ನಮ್ಮದೊಂದು ನಮನ

(ಲೇಖಕರು: ಕೃಷಿಕರು ಹಾಗೂ ಸಂಘದ ನಿರ್ದೇಶಕರು, ಮಾರನಹಳ್ಳಿ)



ನಮ್ಮ ಸಹಕಾರ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಅಂತ ಸಂಪಾದಕ ಸಮಿತಿಯವರು ಕೇಳಿದಾಗ ನಾನು ಹಿಂದೆ ಮುಂದೆ ನೋಡಿದೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ಸಾಮಾನ್ಯ ರೈತ. ಕತ್ತಿ ಗುದ್ದಲಿ ಹಿಡಿದ ಕೈಗೆ ಲೇಖನಿ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಸಂಘದ ಹುಟ್ಟು ಬೆಳವಣಿಗೆಯ ಬಗ್ಗೆ, ಠೇವಣಿ ಸಾಲದ ಲೆಕ್ಕದ ಬಗ್ಗೆ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು ಈ ಸಂಚಿಕೆಯಲ್ಲಿ ಬರೆದೇ ಇದ್ದಾರೆ. ಆದ್ದರಿಂದ ನಾನು ಬೇರೊಂದು ವಿಷಯ ಆರಿಸಿಕೊಂಡಿದ್ದೇನೆ. ನಮ್ಮ ತಟ್ಟೆಯಲ್ಲಿರುವ ರಾಗಿ, ನಮ್ಮ ತೋಟದಲ್ಲಿರುವ ಕಾಫಿ ಎಲ್ಲಿಂದ ಬಂತು, ಅದನ್ನು ಕೊಟ್ಟವರು ಯಾರು, ಹಸಿವು ಬಡತನದ ವಿರುದ್ಧ ಅವರು ನಡೆಸಿದ ಹೋರಾಟ ಎಂಥದ್ದು ಎಂಬುದೇ ಆ ವಿಷಯ.

ಮೊದಲು ನನ್ನ ಒಂದು ತಪ್ಪು

ಇತಿಹಾಸಕ್ಕೆ ಹೋಗುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. 1992ರಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ಆಗ ಆಫ್ರಿಕಾದ ಸೋಮಾಲಿಯದಲ್ಲಿ ಘೋರ ಕ್ಷಾಮ. ಪೇಪರಿನಲ್ಲಿ, ಟಿ.ವಿ.ಯಲ್ಲಿ ಎಲುಬು ಕಾಣುವ ಮಕ್ಕಳ ಚಿತ್ರಗಳು ಬರುತ್ತಿದ್ದವು. ನಮ್ಮ ತರಗತಿಯಲ್ಲಿ ಎಸ್ಟೇಟಿನ ಲೈನ್ ಮನೆಯಿಂದ ಬರುವ ಒಬ್ಬ ಹುಡುಗನಿದ್ದ. ಕಡ್ಡಿಯ ಹಾಗೆ ಸಣಕಲ. ಅವನಿಗೆ ‘ಸೋಮಾಲಿಯ’ ಅಂತ ಅಡ್ಡಹೆಸರು ಇಟ್ಟವನು ನಾನೇ. ಇಡೀ ತರಗತಿ ನಕ್ಕಿತು. ಎಸ್.ಎಸ್.ಎಲ್.ಸಿ. ಮುಗಿಯುವವರೆಗೆ ಅವನ ಸ್ವಂತ ಹೆಸರು ಯಾರಿಗೂ ನೆನಪಿರಲಿಲ್ಲ.

ಒಂದು ಮಳೆಗಾಲದ ದಿನ ಅವನು ನಮ್ಮ ಮನೆಗೆ ಬಂದ. ನಮ್ಮಜ್ಜಿ ಅವನ ಮುಖ ನೋಡಿ ಏನೂ ಕೇಳದೆ ಒಲೆಯ ಮೇಲಿದ್ದ ಮುದ್ದೆ ಬಡಿಸಿದರು. ಒಂದು ಮುದ್ದೆ ಉಂಡ, ಎರಡು ಉಂಡ, ಮೂರನೆಯದಕ್ಕೂ ಬೇಡ ಅನ್ನಲಿಲ್ಲ. ಅವನು ಹೋದ ಮೇಲೆ ನಾನು ನಗುತ್ತಾ ಅವನ ಅಡ್ಡಹೆಸರನ್ನು ಅಜ್ಜಿಗೆ ಹೇಳಿದೆ. ಅಜ್ಜಿ ನಗಲಿಲ್ಲ. ‘ಹಸಿವಿಗೆ ಹೆಸರಿಡಬಾರದು ಮಗಾ, ನಾವೂ ಅದರ ಮನೆ ಬಾಗಿಲು ಕಂಡು ಬಂದೋರೆ’ ಅಂದರು. ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ. ಅವರು ಅಂದು ಬಡಿಸಿದ ಮುದ್ದೆಯ ತವರುಮನೆಯೇ ಆಫ್ರಿಕಾ ಎಂಬುದಂತೂ ನನಗೂ ಗೊತ್ತಿರಲಿಲ್ಲ, ಅಜ್ಜಿಗೂ ಗೊತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ನಿರ್ದೇಶಕರೆಲ್ಲ ಸೇರಿ ಮಂಡ್ಯದ ವಿ.ಸಿ. ಫಾರಂ ನೋಡಲು ಹೋಗಿದ್ದೆವು. ಅಲ್ಲಿ ರಾಗಿ ತಾಕಿನ ಮುಂದೆ ನಿಂತಾಗ ‘ಇಂಡಾಫ್’ ಎಂಬ ಹೆಸರಿನ ಅರ್ಥ ತಿಳಿಯಿತು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ಎರಡೂ ಸೇರಿ ಇಂಡಾಫ್. ನಮ್ಮ ಅಪ್ಪಂದಿರು ಬಾಯಿ ತುಂಬ ಹೇಳುತ್ತಿದ್ದ ಆ ತಳಿಯ ಹೆಸರಿನಲ್ಲೇ ಆಫ್ರಿಕಾ ಇತ್ತು! ಅವತ್ತಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೂತಿದೆ.

ರಾಗಿ ಎಲ್ಲಿಂದ ಬಂತು?

ರಾಗಿ ನಮ್ಮದೇ ಬೆಳೆ, ನಮ್ಮ ಮಣ್ಣಿನಲ್ಲೇ ಹುಟ್ಟಿದ್ದು ಎಂದು ನಾವೆಲ್ಲ ತಿಳಿದಿದ್ದೇವೆ. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ವಾದ ಹೂಡಿಸಿ, ಕೊನೆಗೆ ಶ್ರೀರಾಮನಿಂದಲೇ ರಾಗಿಗೆ ಗೌರವ ಕೊಡಿಸಿದ್ದು ಯಾರಿಗೆ ಗೊತ್ತಿಲ್ಲ? ಬಡವರ ಧಾನ್ಯದ ಪರವಾಗಿ ಸುಮಾರು 500 ವರ್ಷಗಳ ಹಿಂದೆ ಎದ್ದ ದೊಡ್ಡ ದನಿ ಅದು. ರಾಗಿ ನಮ್ಮದು ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ಸೊಸೆಯೂ ನಮ್ಮವಳೇ ತಾನೇ? ಅವಳಿಗೆ ಒಂದು ತವರು ಇರುತ್ತದಲ್ಲವೇ?

ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಅಂದರೆ ಇಂದಿನ ಇಥಿಯೋಪಿಯ ಮತ್ತು ಉಗಾಂಡ ದೇಶಗಳ ಗುಡ್ಡಗಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿನ ಒಕ್ಕಲು ಮಕ್ಕಳು ಕಾಡು ಹುಲ್ಲೊಂದರ ಕಾಳನ್ನು ಆರಿಸಿ, ಉದುರದ ತೆನೆಯನ್ನೇ ಬೀಜಕ್ಕೆ ಇಟ್ಟು, ವರ್ಷ ವರ್ಷ ಬಿತ್ತಿ ಅದನ್ನು ಬೆಳೆಯಾಗಿ ಪಳಗಿಸಿದರು. ಅಲ್ಲಿಂದ ಅದು ಸಮುದ್ರ ದಾಟಿ 3,000 ವರ್ಷಗಳಿಗೂ ಹಿಂದೆ ನಮ್ಮ ದೇಶಕ್ಕೆ ಬಂದಿತು ಎಂದು ವಿದ್ವಾಂಸರು ಹೇಳುತ್ತಾರೆ. ಆ ಮೊದಲ ರೈತರ ಹೆಸರು ಯಾವ ಶಾಸನದಲ್ಲೂ ಇಲ್ಲ. ಹೊಲದಲ್ಲಿ ತೆನೆ ಆರಿಸುವ ಕೆಲಸ ಎಲ್ಲ ಕಡೆ ಹೆಂಗಸರದ್ದೇ ಹೆಚ್ಚು. ಆದ್ದರಿಂದ ಅವರಲ್ಲಿ ಬಹಳ ಮಂದಿ ತಾಯಂದಿರೇ ಇದ್ದಿರಬೇಕು ಎಂದು ನನ್ನ ಭಾವನೆ.

ಇಂದಿಗೂ ಇಥಿಯೋಪಿಯದಲ್ಲಿ ರಾಗಿಗೆ ‘ದಾಗುಸ್ಸಾ’ ಎನ್ನುತ್ತಾರೆ. ಕೀನ್ಯಾ ಕಡೆಯ ಸ್ವಾಹಿಲಿ ಭಾಷೆಯಲ್ಲಿ ‘ವಿಂಬಿ’ ಎನ್ನುತ್ತಾರೆ. ಅದರ ಹಿಟ್ಟಿನಿಂದ ‘ಉಜಿ’ ಎಂಬ ಗಂಜಿ ಮಾಡಿ ಮಕ್ಕಳಿಗೆ, ಬಾಣಂತಿಯರಿಗೆ ಕುಡಿಸುತ್ತಾರೆ. ‘ಉಗಾಲಿ’ ಎಂದು ಗಟ್ಟಿಯಾಗಿ ತೊಳಸಿ, ಕೈಯಲ್ಲಿ ಮುರಿದು, ಸೊಪ್ಪಿನ ಪಲ್ಯದ ಜೊತೆ ಊಟ ಮಾಡುತ್ತಾರೆ. ನಮ್ಮ ಅಂಬಲಿ, ನಮ್ಮ ಮುದ್ದೆಗೂ ಅದಕ್ಕೂ ಏನು ವ್ಯತ್ಯಾಸ? ಒಂದೇ ಒಲೆ ಎರಡು ಕಡೆ ಉರಿಯುತ್ತಿದೆ ಅಷ್ಟೆ.

ಹಗೇವು ಕಾಯ್ದ ಜೀವಗಳು

ನಮ್ಮ ಮಾರನಹಳ್ಳಿ ಘಟ್ಟದ ಅಂಚಿನ ಊರು. ಇಲ್ಲಿ ಸುರಿಯುವ ಮಳೆಗೆ ಗದ್ದೆಯಲ್ಲಿ ಭತ್ತ, ಇಳಿಜಾರಿನಲ್ಲಿ ಕಾಫಿ, ಏಲಕ್ಕಿ, ಮೆಣಸು. ರಾಗಿ ನಮಗೆ ಬರುವುದು ಆಲೂರು, ಹಾಸನ, ಅರಸೀಕೆರೆಯ ಹೊಲಗಳಿಂದ. ನಮ್ಮಜ್ಜಿಯ ತವರು ಆಲೂರು ಕಡೆ. ಮದುವೆಯಾಗಿ ಬಂದಾಗ ಅವರ ಜೊತೆ ಗಾಡಿಯಲ್ಲಿ ರಾಗಿ ಮೂಟೆಯೂ ಬಂದಿತ್ತಂತೆ. ಅಕ್ಕಿ ಮುಗಿಯುವ ಆಷಾಢ ಶ್ರಾವಣದಲ್ಲಿ ಘಟ್ಟದ ಎಷ್ಟೋ ಮನೆಗಳನ್ನು ಕಾಪಾಡಿದ್ದು ಬಯಲು ಸೀಮೆಯ ರಾಗಿಯೇ.

ಬಯಲು ಸೀಮೆಯಲ್ಲಿ ಹಗೇವು ಎಂಬ ಪದ್ಧತಿ ಇತ್ತು. ಇಂದಿನ ಹುಡುಗರಿಗೆ ಇದು ಗೊತ್ತಿರಲಾರದು. ಗಟ್ಟಿ ನೆಲದಲ್ಲಿ ಬಾಯಿ ಸಣ್ಣ, ಹೊಟ್ಟೆ ದೊಡ್ಡದಾಗಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಮೇಲೆ ಕಲ್ಲು ಮಣ್ಣು ಮುಚ್ಚುತ್ತಿದ್ದರು. ಅಕ್ಕಿ ಜೋಳಕ್ಕೆ ಹುಳ ಹಿಡಿಯುತ್ತದೆ, ರಾಗಿಗೆ ಅಷ್ಟು ಬೇಗ ಹಿಡಿಯುವುದಿಲ್ಲ. ಹಗೇವಿನಲ್ಲಿ ಅದು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬರ ಬಂದಾಗ ಹಗೇವು ತೆಗೆಯುತ್ತಿದ್ದರು. ತೆಗೆದ ಕೂಡಲೇ ಒಳಗೆ ಇಳಿಯುವಂತಿಲ್ಲ, ವಿಷಗಾಳಿ ಹೋಗುವವರೆಗೆ ಕಾಯಬೇಕು. ಒಂದು ರೀತಿಯಲ್ಲಿ ಹಗೇವು ಆ ಕಾಲದ ಸಹಕಾರ ಬ್ಯಾಂಕು. ಒಳ್ಳೆಯ ವರ್ಷದ ಠೇವಣಿ, ಕೆಟ್ಟ ವರ್ಷದ ಅನ್ನ.

ಆದರೆ ಹಗೇವಿಗೂ ಮೀರಿದ ಬರ ಒಮ್ಮೆ ಬಂತು. ಅದೇ 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರದ ಮಹಾಕ್ಷಾಮ. ಸತತ ಮಳೆ ಹೋಯಿತು. ಹಗೇವುಗಳು ಬರಿದಾದವು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷದ ಮೇಲಿತ್ತು. 1881ರ ಹೊತ್ತಿಗೆ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಾದ ಕಡೆ ಎಂಟು ಲಕ್ಷಕ್ಕೂ ಹೆಚ್ಚು ಮಂದಿ ಕಡಿಮೆ! ಅದೇ ವರ್ಷಗಳಲ್ಲಿ ಈ ದೇಶದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು ಎಂಬುದನ್ನೂ ಮರೆಯಬಾರದು. ಅಂದರೆ ಕ್ಷಾಮಕ್ಕೆ ಬರೀ ಮಳೆ ಕಾರಣವಲ್ಲ, ಆಳುವವರೂ ಕಾರಣ. ‘ಹಸಿವಿನ ಮನೆ ಬಾಗಿಲು ಕಂಡು ಬಂದೋರು’ ಎಂದು ಅಜ್ಜಿ ಅಂದಿದ್ದು ಅವರ ಹಿರಿಯರಿಂದ ಕೇಳಿದ ಈ ಕಥೆಯನ್ನೇ ಎಂದು ನನಗೆ ಆಮೇಲೆ ಗೊತ್ತಾಯಿತು. 1992ರಲ್ಲಿ ಸೋಮಾಲಿಯ ಹೇಗಿತ್ತೋ 1877ರಲ್ಲಿ ಮೈಸೂರು ಸೀಮೆ ಹಾಗೇ ಇತ್ತು.

ಮುರಿದ ಸಂಬಂಧ ಕೂಡಿಸಿದ ಲಕ್ಷ್ಮಣಯ್ಯನವರು

ಸ್ವಾತಂತ್ರ್ಯ ಬಂದ ಮೇಲೂ ಹೊಟ್ಟೆಯ ಚಿಂತೆ ತಪ್ಪಲಿಲ್ಲ. 1965-66ರಲ್ಲಿ ದೇಶದಲ್ಲೆಲ್ಲ ಬರ. ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬಂದರೆ ಊಟ ಎನ್ನುವ ಸ್ಥಿತಿ. ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಜನರನ್ನು ಬೇಡಿಕೊಂಡರು. ಗೋಧಿಗೆ, ಭತ್ತಕ್ಕೆ ವಿದೇಶದಿಂದ ಹೊಸ ತಳಿ ಬಂದವು. ನೀರಾವರಿ ಇದ್ದವರಿಗೆ ಹಸಿರು ಕ್ರಾಂತಿಯ ಲಾಭ ಸಿಕ್ಕಿತು. ಮಳೆ ನಂಬಿದ ರಾಗಿ ರೈತನ ಗತಿ ಏನು?

ಆ ರೈತನ ಕಡೆ ನೋಡಿದವರು ಮಂಡ್ಯದ ವಿ.ಸಿ. ಫಾರಂನಲ್ಲಿದ್ದ ರಾಗಿ ಲಕ್ಷ್ಮಣಯ್ಯನವರು. 1921ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಈ ಮಹನೀಯರು ತಮ್ಮ ಆಯುಸ್ಸನ್ನೆಲ್ಲ ಒಂದೇ ಬೆಳೆಗೆ ಕೊಟ್ಟರು. ಜನ ಅವರನ್ನು ಪ್ರೀತಿಯಿಂದ ‘ರಾಗಿ ಬ್ರಹ್ಮ’ ಎಂದು ಕರೆದರು. ಮೊದಲು ಅವರು ನಮ್ಮ ದೇಶದ ರಾಗಿಗಳನ್ನೇ ಒಂದಕ್ಕೊಂದು ಕೂಡಿಸಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಮುಂತಾದ ತಳಿಗಳನ್ನು ತಂದರು. ಹೆಸರುಗಳನ್ನು ನೋಡಿ, ಮನೆಮಗಳಿಗೆ ಇಟ್ಟ ಹೆಸರುಗಳ ಹಾಗಿವೆ.

ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಮೂರು ಸಾವಿರ ವರ್ಷ ಇಲ್ಲೇ ಬೆಳೆದ ನಮ್ಮ ರಾಗಿ ಬೇಗ ಕೊಯ್ಲಿಗೆ ಬರುತ್ತದೆ, ನಮ್ಮ ಹವೆಗೆ ಒಗ್ಗಿದೆ. ಆದರೆ ಬೆಂಕಿ ರೋಗ ಬಿದ್ದರೆ ಇಲುಕು ಕರಕಲಾಗಿ ಕಾಳು ಜೊಳ್ಳಾಗುತ್ತದೆ. ತವರಿನಲ್ಲೇ ಉಳಿದ ಆಫ್ರಿಕಾದ ರಾಗಿ ತಡವಾಗಿ ಬಲಿಯುತ್ತದೆ. ಆದರೆ ಅದರ ಕಾಂಡ ದಪ್ಪ, ತೆನೆ ತುಂಬು, ಕಾಳು ದಪ್ಪ, ರೋಗ ತಡೆಯುವ ಶಕ್ತಿ ಹೆಚ್ಚು. ಎರಡನ್ನೂ ಕೂಡಿಸಿದರೆ? ಹೀಗೆ ಯೋಚಿಸಿ 1960ರ ದಶಕದಿಂದ ಅವರು ಈ ಸಂಬಂಧ ಬೆಳೆಸುವ ಕೆಲಸಕ್ಕೆ ಕೈ ಹಾಕಿದರು.

ಇದು ಹೇಳಿದಷ್ಟು ಸುಲಭವಲ್ಲ. ರಾಗಿಯ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ಗಂಡು ಹೆಣ್ಣು ಎರಡೂ ಅದೇ ಹೂವಿನೊಳಗೆ. ಹೂ ಬಿರಿಯುವಾಗ ತನ್ನದೇ ಪರಾಗ ತನಗೇ ಬಿದ್ದು ಕಾಳು ಕಟ್ಟಿಬಿಡುತ್ತದೆ, ಹೊರಗಿನದಕ್ಕೆ ಅವಕಾಶವೇ ಕಡಿಮೆ. ಅದಕ್ಕಾಗಿ ರಾಗಿಯಲ್ಲಿ ಎರಡು ತಳಿಯ ತೆನೆಗಳನ್ನು ಒಟ್ಟಿಗೆ ಕಟ್ಟಿ ಬಿಡುವ ಒಂದು ವಿಧಾನವಿದೆ. ಅದರಲ್ಲಿ ಎಲ್ಲೋ ಕೆಲವು ಕಾಳು ಮಾತ್ರ ಬೆರಕೆಯಾಗುತ್ತವೆ. ಆ ಕಾಳುಗಳನ್ನೆಲ್ಲ ಬಿತ್ತಿ, ಸಸಿಯ ಬಣ್ಣ, ಗುಣ ನೋಡಿ, ಬೆರಕೆ ಯಾವುದು ಎಂದು ಹುಡುಕಬೇಕು. ಆಮೇಲೆ ಅದರ ಸಂತತಿಯನ್ನು ವರ್ಷ ವರ್ಷ ಬಿತ್ತಿ, ಆರಿಸಿ, ಗುಣ ನಿಲ್ಲುವವರೆಗೆ ಕಾಯಬೇಕು. ಒಂದು ತಳಿ ಹೊರಬರಲು ಹತ್ತಾರು ಬೆಳೆ ಬೇಕು. ಬೆಳಿಗ್ಗೆ ಹೊಲಕ್ಕೆ ಇಳಿದು ಬೆನ್ನು ಬಾಗಿಸಿ ತೆನೆ ನೋಡುವ ತಾಳ್ಮೆ ಇಲ್ಲದವನಿಗೆ ಇದು ಆಗದ ಕೆಲಸ.

ಈ ತಾಳ್ಮೆಯ ಫಲವೇ ಇಂಡಾಫ್ ತಳಿಗಳು. ಇಂಡಾಫ್-5, ಇಂಡಾಫ್-7, ಇಂಡಾಫ್-8, ಇಂಡಾಫ್-9 ಹೀಗೆ ಒಂದಾದ ಮೇಲೊಂದು ಬಂದವು. ಮುಂಗಾರಿಗೆ ಬೇಗ ಬಿತ್ತುವವರಿಗೆ ಒಂದು, ಮಳೆ ತಡವಾದರೆ ಒಂದು, ಬೇಸಿಗೆ ನೀರಾವರಿಗೆ ಒಂದು. ಮೊದಲು ನಾಲ್ಕೈದು ಮೂಟೆ ಕಾಣುತ್ತಿದ್ದ ಹೊಲದಲ್ಲಿ ಕಣ ತುಂಬ ರಾಗಿ ಕಂಡಿತು ಎಂದು ಆಲೂರು ಕಡೆಯ ನಮ್ಮ ನೆಂಟರು ಈಗಲೂ ಹೇಳುತ್ತಾರೆ. ದನಕ್ಕೆ ಹುಲ್ಲೂ ಹೆಚ್ಚಾಯಿತು. ಕಳೆದ ಮೂರು ದಶಕಗಳಲ್ಲಿ ರಾಜ್ಯದ ರೈತರು ಅತಿ ಹೆಚ್ಚು ಬೆಳೆದ ಜಿ.ಪಿ.ಯು.-28 ತಳಿಯ ವಂಶದಲ್ಲೂ ಇಂಡಾಫ್-5, ಇಂಡಾಫ್-9 ಇವೆ. ಹಾಗಾಗಿ ಇವತ್ತು ನೀವು ತಿನ್ನುವ ಮುದ್ದೆಯಲ್ಲಿ ಆಫ್ರಿಕಾದ ಪಾಲು ಇದ್ದೇ ಇದೆ ಎಂದು ಧೈರ್ಯವಾಗಿ ಹೇಳಬಹುದು.

ದೇಶದ ಒಟ್ಟು ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ನಮ್ಮ ಕರ್ನಾಟಕ. ವಿಶ್ವಸಂಸ್ಥೆ 2023ನೇ ಇಸವಿಯನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆಗ ನಾವು ಭಾಷಣದಲ್ಲಿ ರಾಗಿಯನ್ನು ಹೊಗಳಿದೆವು, ರಾಗಿ ಮಾಲ್ಟ್ ಕುಡಿದೆವು. ಆದರೆ ತವರಿನವರನ್ನು ಯಾರೂ ನೆನೆಯಲಿಲ್ಲ.

ತವರಿನ ಮಕ್ಕಳ ಸಾಧನೆ

ಇನ್ನು ಆ ತವರಿನ ಇಂದಿನ ಮಕ್ಕಳ ವಿಷಯ. ಆಫ್ರಿಕಾ ಎಂದರೆ ಬರೀ ಕೈಚಾಚುವ ಜನ ಎಂದು ನಾವು ತಿಳಿದಿದ್ದೇವೆ. ಹಸಿವನ್ನು ಎದುರಿಸಿ ನಿಂತ ಅವರ ನಾಯಕರ ಹೆಸರು ಕೇಳಿದರೆ ನಮಗೆ ಒಂದೂ ಬಾರದು. ಮೂರು ಮಂದಿಯ ವಿಷಯ ಹೇಳುತ್ತೇನೆ.

ಮೊದಲನೆಯವರು ಇಥಿಯೋಪಿಯದ ಗೆಬಿಸಾ ಎಜೆಟಾ. 1950ರಲ್ಲಿ ಹುಲ್ಲಿನ ಗುಡಿಸಲಲ್ಲಿ ಹುಟ್ಟಿದವರು. ಓದಲು 20 ಕಿಲೋಮೀಟರ್ ನಡೆದು ಹೋಗಿ, ವಾರವೆಲ್ಲ ಅಲ್ಲೇ ಇದ್ದು, ವಾರದ ಕೊನೆಗೆ ನಡೆದು ಮನೆಗೆ ಬರುತ್ತಿದ್ದರಂತೆ. ಮುಂದೆ ಜೋಳದ ವಿಜ್ಞಾನಿಯಾದರು. ಜೋಳವೂ ಆಫ್ರಿಕಾದ್ದೇ ಬೆಳೆ. ನಮ್ಮಲ್ಲಿ ಮರಕ್ಕೆ ಬಂದಳಿಕೆ ಹತ್ತುವ ಹಾಗೆ ಅಲ್ಲಿ ಜೋಳದ ಬೇರಿಗೆ ಸ್ಟ್ರೈಗಾ ಎಂಬ ಕಳೆ ಹತ್ತಿ ರಸ ಹೀರುತ್ತದೆ, ಬಡವನ ಹೊಲವನ್ನೇ ಒಣಗಿಸಿಬಿಡುತ್ತದೆ. ಬರ ತಡೆಯುವ ಜೋಳವನ್ನು ಮೊದಲು ಸುಡಾನಿನ ರೈತರಿಗೆ ಕೊಟ್ಟ ಎಜೆಟಾ, ಆಮೇಲೆ ಈ ಕಳೆಗೂ ಬಗ್ಗದ ತಳಿಗಳನ್ನು ತಂದರು. 2009ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. 1987ರಲ್ಲಿ ಈ ಪ್ರಶಸ್ತಿಯನ್ನು ಮೊಟ್ಟಮೊದಲು ಪಡೆದವರು ನಮ್ಮ ಎಂ.ಎಸ್. ಸ್ವಾಮಿನಾಥನ್.

ಎರಡನೆಯವರು ಸಿಯೆರಾ ಲಿಯೋನ್ ದೇಶದ ಮಾಂಟಿ ಜೋನ್ಸ್. ಇವರ ಕೆಲಸ ಕೇಳಿದರೆ ಲಕ್ಷ್ಮಣಯ್ಯನವರ ಅಣ್ಣತಮ್ಮನ ಹಾಗೆ ಕಾಣುತ್ತಾರೆ. ಪಶ್ಚಿಮ ಆಫ್ರಿಕಾದಲ್ಲಿ ಅಲ್ಲಿಯದೇ ಒಂದು ಭತ್ತ ಇದೆ. ಇಳುವರಿ ಕಡಿಮೆ, ಆದರೆ ಕಳೆ, ಬರ, ಕೀಟ ತಡೆಯುತ್ತದೆ. ನಮ್ಮ ಏಷ್ಯಾದ ಭತ್ತ ಹೆಚ್ಚು ಕೊಡುತ್ತದೆ, ಆದರೆ ಆ ನೆಲದಲ್ಲಿ ಸೊರಗುತ್ತದೆ. ಎರಡೂ ಬೇರೆ ಬೇರೆ ಜಾತಿಯಾದ್ದರಿಂದ ಕೂಡಿಸಿದರೂ ಹುಟ್ಟಿದ ಗಿಡ ಬಂಜೆಯಾಗುತ್ತಿತ್ತು. 1990ರ ದಶಕದಲ್ಲಿ ಜೋನ್ಸ್ ಮತ್ತು ಅವರ ಸಂಗಡಿಗರು ಪ್ರಯೋಗಶಾಲೆಯಲ್ಲಿ ಭ್ರೂಣ ಉಳಿಸಿ ಬೆಳೆಸಿ ಈ ತೊಡಕು ಬಿಡಿಸಿದರು. ‘ನೆರಿಕಾ’ ಎಂಬ ಆ ಭತ್ತವನ್ನು ಪಶ್ಚಿಮ ಆಫ್ರಿಕಾದ ಸಣ್ಣ ರೈತರು, ಅದರಲ್ಲೂ ಹೆಂಗಸರು, ತಮ್ಮ ಹೊಲಗಳಲ್ಲಿ ಬೆಳೆದರು. 2004ರ ವಿಶ್ವ ಆಹಾರ ಪ್ರಶಸ್ತಿ ಚೀನಾದ ಒಬ್ಬ ಭತ್ತದ ವಿಜ್ಞಾನಿಯ ಜೊತೆ ಇವರಿಗೂ ಸಂದಿತು. ಆಫ್ರಿಕಾದವರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ನೋಡಿ, ನಾವು ಅವರ ರಾಗಿ ತಂದು ನಮ್ಮದಕ್ಕೆ ಕೂಡಿಸಿದೆವು, ಅವರು ನಮ್ಮ ಕಡೆಯ ಭತ್ತ ಒಯ್ದು ತಮ್ಮದಕ್ಕೆ ಕೂಡಿಸಿದರು. ಕೊಟ್ಟು ತರುವ ಸಂಬಂಧ ಎಂದರೆ ಇದೇ.

ಮೂರನೆಯವರು ವಿಜ್ಞಾನಿಯಲ್ಲ, ದೇಶ ಆಳಿದವರು. ಬೋಟ್ಸ್ವಾನದ ಅಧ್ಯಕ್ಷರಾಗಿ 1980ರಿಂದ 1998ರವರೆಗೆ ಇದ್ದ ಕ್ವೆಟ್ ಮಸೀರೆ. ಇವರು ಮೊದಲು ಮೇಷ್ಟ್ರಾಗಿದ್ದವರು, ಒಳ್ಳೆಯ ರೈತ ಎಂದು ಹೆಸರು ಮಾಡಿದವರು. 1980ರ ದಶಕದಲ್ಲಿ ಅವರ ದೇಶದಲ್ಲಿ ವರ್ಷಾನುಗಟ್ಟಲೆ ಮಳೆ ಇಲ್ಲ. ಬೆಳೆ ಹೋಯಿತು, ದನ ಸತ್ತವು. ಆದರೆ ಸರ್ಕಾರ ಕೈಕಟ್ಟಿ ಕೂರಲಿಲ್ಲ. ಊರೂರಲ್ಲಿ ಕಾಮಗಾರಿ ತೆರೆದು ಕೂಲಿ ಕೊಟ್ಟಿತು, ಮಕ್ಕಳಿಗೆ ಊಟ ಹಾಕಿತು, ರೈತನಿಗೆ ಬೀಜ ಕೊಟ್ಟಿತು. ಬರ ಬಂತು, ಕ್ಷಾಮ ಬರಲಿಲ್ಲ. ನಮ್ಮ 1877ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಹಸಿವು ನಿವಾರಣೆಗೆ ದುಡಿದ ಆಫ್ರಿಕಾದ ನಾಯಕರನ್ನು ಗೌರವಿಸಲೆಂದೇ 1987ರಲ್ಲಿ ಒಂದು ಪ್ರಶಸ್ತಿ ಶುರುವಾಗಿತ್ತು. 1989ರಲ್ಲಿ ಅದು ಮಸೀರೆಯವರಿಗೆ ಬಂದದ್ದು ಯೋಗ್ಯವಾಗಿಯೇ ಇದೆ.

ಕಾಫಿಯೂ ಅಲ್ಲಿಯದೇ

ರಾಗಿಯ ಮಾತಾಯಿತು. ಇನ್ನು ನಮ್ಮ ಜೀವನದ ಆಧಾರವಾದ ಕಾಫಿ. ಬಾಬಾ ಬುಡನ್ ಅವರು ಯೆಮನ್ ದೇಶದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟ ಕಥೆ ಮಕ್ಕಳಿಗೂ ಗೊತ್ತು. ಆದರೆ ಯೆಮನ್‌ಗೆ ಅದು ಬಂದದ್ದು ಕೆಂಪು ಸಮುದ್ರದ ಆಚೆ ದಡದ ಇಥಿಯೋಪಿಯದ ಕಾಡಿನಿಂದ. ನಮ್ಮ ಅರೇಬಿಕಾ ಅಲ್ಲಿಯದು. ರೊಬಸ್ಟಾ ಮಧ್ಯ ಆಫ್ರಿಕಾದ್ದು. ನಮ್ಮ ಹಿರಿಯರು ನೆಚ್ಚಿಕೊಂಡ ಎಸ್.795 ತಳಿಯನ್ನು ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲೇ ರೂಪಿಸಿದರು. ಅದಕ್ಕೆ ಎಲೆತುಕ್ಕು ರೋಗ ತಡೆಯುವ ಗುಣ ಬಂದದ್ದು ಲೈಬೀರಿಕಾ ಎಂಬ ಇನ್ನೊಂದು ಆಫ್ರಿಕಾ ಕಾಫಿಯ ಬೆರಕೆಯಿಂದ. ಅಂದರೆ ಬೆಳಿಗ್ಗೆ ಕುಡಿಯುವುದೂ ಅವರದ್ದು, ಮಧ್ಯಾಹ್ನ ಉಣ್ಣುವುದೂ ಅವರದ್ದು!

ನಮ್ಮ ಸಂಘ ಹುಟ್ಟಿದ ಕಾಲ ನಿಮಗೆಲ್ಲ ನೆನಪಿದೆ. 2000ದಿಂದ ಮುಂದೆ ಕಾಫಿ ಬೆಲೆ ಕುಸಿಯುತ್ತಾ ಹೋಗಿ, 2001-02ರಲ್ಲಿ ದಶಕಗಳಲ್ಲೇ ಕಾಣದಷ್ಟು ಕೆಳಗೆ ಬಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ಎಷ್ಟೋ ಜನ ಹಣ್ಣನ್ನು ಗಿಡದಲ್ಲೇ ಬಿಟ್ಟರು. ಹೆಂಡಿರ ಒಡವೆ ಅಡವಿಟ್ಟರು. ಅದೇ ಕಾಲದಲ್ಲಿ ಕಾಫಿಯ ತವರಾದ ಇಥಿಯೋಪಿಯದ ಬೆಳೆಗಾರರಿಗೂ ಅದೇ ಗತಿ. ಆ ಸಂಕಟ ಬರುವ ಮೊದಲೇ, 1999ರಲ್ಲಿ, ತಡೆಸ್ಸೆ ಮೆಸ್ಕೆಲಾ ಎಂಬುವರ ಮುಂದಾಳತ್ವದಲ್ಲಿ ಅಲ್ಲಿನ ಒರೋಮಿಯ ಪ್ರಾಂತ್ಯದ 34 ಹಳ್ಳಿ ಸಂಘಗಳು ಸೇರಿ ಕಾಫಿ ಬೆಳೆಗಾರರ ಸಹಕಾರ ಒಕ್ಕೂಟ ಕಟ್ಟಿದ್ದವು. ದಲ್ಲಾಳಿಗಳನ್ನು ದಾಟಿ ವಿದೇಶದ ಕೊಳ್ಳುವವರಿಗೆ ತಾವೇ ಮಾರಿದವು. ಬಂದ ಲಾಭವನ್ನು ಸದಸ್ಯರಿಗೆ ಹಂಚಿ, ಉಳಿದದ್ದರಲ್ಲಿ ಹಳ್ಳಿಗಳಿಗೆ ಶಾಲೆ, ಕುಡಿಯುವ ನೀರು ಮಾಡಿಸಿದವು. ಮುಂದೆ ನೂರಾರು ಸಂಘಗಳು ಆ ಒಕ್ಕೂಟಕ್ಕೆ ಸೇರಿದವು.

ಸಹಕಾರದಲ್ಲಿ ನಮಗೂ ದೊಡ್ಡ ಪರಂಪರೆ ಇದೆ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆದರೂ ನಮ್ಮಲ್ಲಿ ಹೆಚ್ಚಿನವರು ಕಾಫಿಯನ್ನು ಇನ್ನೂ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಅವನು ಹೇಳಿದ ಬೆಲೆಗೆ ತೂಗಿ ಕೊಡುತ್ತಿದ್ದೇವೆ. ನಮ್ಮ ಸಂಘ 25 ವರ್ಷದಲ್ಲಿ ಸಾಲ ಕೊಟ್ಟಿದೆ, ಗೊಬ್ಬರ ಕೊಟ್ಟಿದೆ, ರೇಷನ್ ಕೊಟ್ಟಿದೆ. ಬೆಳೆ ಒಟ್ಟಾಗಿ ಮಾರುವ ಕೆಲಸಕ್ಕೆ ಇನ್ನೂ ಕೈ ಹಾಕಿಲ್ಲ. ನಾನೂ ನಿರ್ದೇಶಕ, ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಒಂದು ಕಾಲದಲ್ಲಿ ನಾವು ಅಡ್ಡಹೆಸರಿಟ್ಟು ನಕ್ಕ ಕಡೆಯ ಜನರಿಂದಲೇ ಈ ಪಾಠ ಕಲಿಯಬೇಕಾಗಿದೆ.

ಕೊನೆಯದಾಗಿ ಎರಡು ಸೂಚನೆ

ಇಷ್ಟೆಲ್ಲ ಬರೆದದ್ದು ಹೊಗಳಿಕೆಗಾಗಿ ಅಲ್ಲ. ಇಂದು ನಮ್ಮ ಗದ್ದೆಗಳ ಸ್ಥಿತಿ ನೋಡಿ. ಆಳು ಸಿಗುವುದಿಲ್ಲ, ಆನೆ ಕಾಟ ಬೇರೆ. ಎಷ್ಟೋ ಗದ್ದೆಗಳು ಬೀಳು ಬಿದ್ದಿವೆ. ಅನ್ನಕ್ಕೆ ರೇಷನ್ ಅಂಗಡಿ, ದುಡ್ಡಿಗೆ ಕಾಫಿ ಒಂದೇ ಎಂದಾಗಿದೆ. ಈಗ ಕಾಫಿಗೆ ಒಳ್ಳೆಯ ಬೆಲೆ ಕಂಡಿದ್ದೇವೆ, ಸಂತೋಷ. ಆದರೆ 2002ನ್ನು ಕಂಡವರು ಮೈಮರೆಯಬಾರದು. ಹಗೇವು ಕಟ್ಟಿದ ಹಿರಿಯರು ಒಳ್ಳೆಯ ವರ್ಷದಲ್ಲೇ ಕೆಟ್ಟ ವರ್ಷವನ್ನು ನೆನೆಯುತ್ತಿದ್ದರು.

ಆದ್ದರಿಂದ ಮುಂದಿನ ಮಹಾಸಭೆಯಲ್ಲಿ ನಾನು ಎರಡು ಸೂಚನೆ ಮಂಡಿಸುತ್ತೇನೆ. ಒಂದು, ಕಾಫಿ ಮತ್ತು ಮೆಣಸನ್ನು ಸಂಘದ ಮೂಲಕ ಒಟ್ಟಾಗಿ ಮಾರುವುದಕ್ಕೆ ಆಸಕ್ತ ಸದಸ್ಯರ ಒಂದು ಸಮಿತಿ ಮಾಡೋಣ, ಹತ್ತು ಮಂದಿಯಿಂದ ಶುರುವಾದರೂ ಸರಿ. ಎರಡು, ಆಲೂರು ಕಡೆಯ ರಾಗಿ ಬೆಳೆಗಾರರಿಂದ ಸುಗ್ಗಿಯಲ್ಲಿ ನೇರವಾಗಿ ರಾಗಿ ತಂದು ಸಂಘದ ಗೋದಾಮಿನಲ್ಲಿ ಇಟ್ಟು ವರ್ಷವಿಡೀ ಸದಸ್ಯರಿಗೆ ಕೊಡೋಣ. 2024-25ರಲ್ಲಿ ಸರ್ಕಾರ ರಾಗಿಗೆ ಕ್ವಿಂಟಾಲಿಗೆ 4,290 ರೂಪಾಯಿ ಬೆಂಬಲ ಬೆಲೆ ಕಟ್ಟಿತ್ತು. ಬೆಂಬಲ ಬೆಲೆಗೆ ಕಡಿಮೆಯಿಲ್ಲದೆ ಬೆಳೆದವನಿಗೆ ಸಿಗಲಿ, ಶುದ್ಧ ರಾಗಿ ನಮ್ಮ ಮಕ್ಕಳಿಗೆ ಸಿಗಲಿ. ಇದೇ ನಮ್ಮ ಹಗೇವು. ಆ ಗೋದಾಮಿನ ಗೋಡೆಗೆ ಲಕ್ಷ್ಮಣಯ್ಯನವರದ್ದೊಂದು ಪಟ ಹಾಕಿ, ಕೆಳಗೆ ‘ರಾಗಿಯ ತವರು ಆಫ್ರಿಕಾ’ ಎಂದು ಬರೆಸೋಣ. ಅದರ ಖರ್ಚು ನನ್ನದು.

ಕೊನೆಗೆ ನನ್ನ ಆ ಸಹಪಾಠಿಯ ವಿಷಯ. ಬಗರ್ ಹುಕುಂನಲ್ಲಿ ಮಂಜೂರಾದ ಎರಡು ಎಕರೆಯಲ್ಲಿ ಅವನು ಇಂದು ನನಗಿಂತ ಚೆನ್ನಾಗಿ ಕಾಫಿ, ಮೆಣಸು ಬೆಳೆಯುತ್ತಿದ್ದಾನೆ. ನಮ್ಮ ಸಂಘದ ಸದಸ್ಯ. ಒಂದು ಸಲವೂ ಸುಸ್ತಿದಾರನಾಗಿಲ್ಲ. ಈ ಸಂಚಿಕೆ ಅವನ ಕೈಗೂ ಬರುತ್ತದೆ. ಮೂವತ್ತು ವರ್ಷದಿಂದ ಎದುರಿಗೆ ಸಿಕ್ಕಾಗಲೆಲ್ಲ ಹೇಳಬೇಕೆಂದುಕೊಂಡು ಹೇಳಲಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ: ತಪ್ಪಾಯಿತು ಕಣಪ್ಪ, ಕ್ಷಮಿಸು. ಮಹಾಸಭೆಯ ದಿನ ಊಟಕ್ಕೆ ಮುದ್ದೆ ಮಾಡಿಸುತ್ತಿದ್ದೇವೆ. ನನ್ನ ಪಕ್ಕದಲ್ಲಿ ಬಂದು ಕೂತು ಉಣ್ಣು.